ನವಿಲುಬಂಡೆ ಗುಡ್ಡದ ಕಾವಲು ಮತ್ತು ಒಂದು ಷರಾ

ಅಭಿನಂದನ ಗ್ರಂಥವೆಂಬುದು ನಮ್ಮಲ್ಲಿ ಪ್ರಾಧ್ಯಾಪಕರಿಗೆ, ವೈದ್ಯರಿಗೆ, ಹೆಸರಾಂತ ಮುಖ್ಯೋಪಾಧ್ಯಾಯರಿಗೆ ಸಲ್ಲುತ್ತ ಬಂದಿರುವ ಗೌರವ. ಅರಣ್ಯ ಇಲಾಖೆಯಲ್ಲಿ ಗಸ್ತು ಪಾಲಕರಾಗಿ, ಅಂದರೆ ಖಾಕಿ ತೊಟ್ಟು ಕಾಲ್ನಡಿಗೆಯಲ್ಲಿ ಗುಡ್ಡ ಕಾಯುವ ನೌಕರರಾಗಿ ನಿವೃತ್ತರಾದವರೊಬ್ಬರಿಗೆ ಹಳ್ಳಿಯವರೂ ಬಡಾವಣೆಯವರೂ ಒಂದಾಗಿ ಇಂಥದೊಂದು ಗ್ರಂಥವನ್ನು ಅರ್ಪಿಸುತ್ತಿರುವುದು, ನನಗೆ ತಿಳಿದ ಮಟ್ಟಿಗೆ, ರಾಮನಗರ ಸೀಮೆಯಲ್ಲಿ ಇದೇ ಮೊದಲು. ಗುಡ್ಡದ ಬೆಂಕಿಯನ್ನು ದೂರದಿಂದಲೇ ಕಾಣುವುದು, ಬಾರದಂತೆ ತಡೆಯುವುದು, ಬಂದರೆ ಜನರನ್ನು ಪಾರು ಮಾಡುವುದು, ಈ ಮೂರು ಕೆಲಸಗಳಲ್ಲಿ ಶ್ರೀ ಚೆಲುವಯ್ಯನವರಿಗೆ ಸರಿಸಾಟಿಯಾದವರನ್ನು ನನ್ನ ಮೂವತ್ತಮೂರು ವರ್ಷಗಳ ನೌಕರಿಯಲ್ಲಿ ನಾನು ಕಂಡಿಲ್ಲ. ಅವರು ಈ ಗೌರವಕ್ಕೆ ಅರ್ಹರೆಂಬುದರಲ್ಲಿ ಎರಡು ಮಾತಿಲ್ಲ. ಅವರ ಬಗ್ಗೆ ಬರೆಯಲು ನಾನು ಅರ್ಹನೇ ಎಂಬುದರಲ್ಲಿ ಮಾತ್ರ ಎರಡು ಮಾತಿದೆ. ಏಕೆಂದರೆ ಅವರಿಗೆ ಬರಬೇಕಾಗಿದ್ದ ಕೊನೆಯ ಬಡ್ತಿಯನ್ನು ತಪ್ಪಿಸಿದ ವಿಚಾರಣಾ ವರದಿಗೆ ಸಹಿ ಹಾಕಿದ ವಲಯ ಅರಣ್ಯಾಧಿಕಾರಿ ಜಯಕುಮಾರ್ ಎಂಬುವನು ನಾನೇ. ಇದನ್ನು ಸಂಪಾದಕ ಮಂಡಳಿಯವರಿಗೆ ನೆನಪಿಸಿದಾಗ, "ಗೊತ್ತು, ಅದಕ್ಕೇ ನಿಮ್ಮನ್ನು ಕೇಳಿದ್ದು" ಎಂದರು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಗುಡ್ಡಗಳನ್ನು ದಟ್ಟ ಕಾಡೆಂದು ಯಾರೂ ಕರೆಯಲಾರರು. ಬಂಡೆ, ಬಂಡೆಯ ಸಂದಿನಲ್ಲಿ ಕುರುಚಲು ಗಿಡ, ಇಳಿಜಾರಿನುದ್ದಕ್ಕೂ ಆಳೆತ್ತರದ ಬಾದೆಹುಲ್ಲು. ಮಳೆಗಾಲದಲ್ಲಿ ಕಣ್ಣಿಗೆ ತಂಪಾಗಿ ಕಾಣುವ ಈ ಹುಲ್ಲು ಸಂಕ್ರಾಂತಿಯ ಹೊತ್ತಿಗೆ ಒಣಗಿ, ಶಿವರಾತ್ರಿ ಕಳೆದ ಮೇಲೆ ಒಂದು ಬೀಡಿಯ ತುಂಡಿಗಾಗಿ ಕಾದು ಕುಳಿತಿರುತ್ತದೆ. ಹಿಂದೆ ಗುಡ್ಡಕ್ಕೆ ಬೆಂಕಿ ಬಿದ್ದರೆ ಗುಡ್ಡ ಸುಟ್ಟು, ಬೆಂಕಿ ಹೊಲದ ಬದುವಿಗೆ ಬಂದು ತಾನಾಗಿ ಆರುತ್ತಿತ್ತು. ಈಗ ಹೊಲದ ಜಾಗದಲ್ಲಿ ಬಡಾವಣೆಗಳು ಬಂದಿವೆ. ಗುಡ್ಡದ ಬುಡದಲ್ಲಿ ಮನೆ ಕೊಳ್ಳುವವರಿಗೆ ಕಿಟಕಿ ತೆರೆದರೆ ಗುಡ್ಡ ಕಾಣುತ್ತದೆ ಎಂದು ಹೇಳುತ್ತಾರೆಯೇ ಹೊರತು, ಸೆರಗಿನಲ್ಲಿ ಕೆಂಡ ಕಟ್ಟಿಕೊಂಡಂತಾಯಿತು ಎಂದು ಯಾರೂ ಹೇಳುವುದಿಲ್ಲ. ಹೇಳುವ ಕೆಲಸವನ್ನು ಚೆಲುವಯ್ಯನವರು ಮೈಮೇಲೆ ಎಳೆದುಕೊಂಡರು.

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯ ಬೇಸಾಯದ ಮನೆಯಲ್ಲಿ ಹುಟ್ಟಿದ ಅವರು ಹತ್ತನೆಯ ತರಗತಿ ಮುಗಿಸಿ, ಕೆಲವು ವರ್ಷ ಅಪ್ಪನ ಜೊತೆ ರಾಗಿ ಹೊಲದಲ್ಲಿ ದುಡಿದು, ೧೯೮೮ರಲ್ಲಿ ಬೆಂಕಿ ಕಾವಲುಗಾರರಾಗಿ ಇಲಾಖೆಯ ಬಾಗಿಲು ತುಳಿದರು. ಬೆಂಕಿ ಕಾವಲುಗಾರನೆಂದರೆ ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಇಲಾಖೆಯ ಮನುಷ್ಯ. ಮೊದಲ ಮಳೆ ಬಿದ್ದ ದಿನ ಅವನ ಕೆಲಸ ತೀರಿತು. ಹದಿನಾಲ್ಕು ಬೇಸಿಗೆಗಳನ್ನು ಚೆಲುವಯ್ಯನವರು ಹೀಗೆ ಬಂಡೆಯ ನೆತ್ತಿಯ ಮೇಲೆ ಕಳೆದರು. ಬೆಳಗಿನ ರಾಗಿ ಮುದ್ದೆ ಉಂಡು ಹತ್ತಿದರೆ ಹೊತ್ತು ಇಳಿಯುವವರೆಗೂ ಅಲ್ಲೇ. ಆಗ ಕೈಯಲ್ಲಿ ಫೋನೂ ಇರಲಿಲ್ಲ, ಕೊರಳಲ್ಲಿ ದುರ್ಬೀನೂ ಇರಲಿಲ್ಲ. ಇದ್ದದ್ದು ಕಣ್ಣು, ಮತ್ತು ಹೊಗೆಯನ್ನು ನೋಡಿ ನೋಡಿ ಬಂದ ತಿಳಿವಳಿಕೆ.

ಆ ತಿಳಿವಳಿಕೆಯನ್ನು ಅವರು ಮುಚ್ಚಿಟ್ಟುಕೊಂಡವರಲ್ಲ. ತೊಂಬತ್ತರ ದಶಕದಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿ, ಬೂಟಿನ ಪಾಲಿಶ್ ಮಾಸುವ ಮುಂಚೆಯೇ ಎಲ್ಲವನ್ನೂ ಬಲ್ಲವನಂತೆ ತಿರುಗುತ್ತಿದ್ದಾಗ, ಒಂದು ಹೊಗೆಯನ್ನು ಕಂಡು ಹನ್ನೆರಡು ಜನರನ್ನು ಜೀಪಿಗೆ ತುಂಬಲು ಹೊರಟಿದ್ದೆ. ಚೆಲುವಯ್ಯನವರು ಜೀಪಿನ ಬಳಿ ಬಂದು ಮೆತ್ತಗೆ ಹೇಳಿದರು: "ಸಾ, ಬಿಳೀ ಹೊಗೆ ಎದ್ದು ಬುಡದಾಗೆ ಹಳದಿ ಕಂಡ್ರೆ ಬಾದೆಹುಲ್ಲು, ಓಡ್ಬೇಕು. ನೀಲಿ ಇದ್ರೆ ತರಗು, ಒಸಿ ಟೈಮ್ ಐತೆ. ಇದು ನೋಡಿ, ದಪ್ಪಕ್ಕೆ ನೆಟ್ಟಗೆ ಹೋಯ್ತಾ ಐತೆ. ಇದು ಆಲೆಮನೆ. ಹೋದ್ರೆ ಬೆಲ್ಲ ಕೊಡ್ತಾರೆ, ಅಷ್ಟೇಯ." ಹನ್ನೆರಡು ಜನರ ಮುಂದೆ ಗಟ್ಟಿಯಾಗಿ ಹೇಳಿ ನನ್ನ ಮಾನ ಕಳೆಯಬಹುದಾಗಿತ್ತು, ಕಿವಿಯಲ್ಲಿ ಹೇಳಿದರು. ನನಗೆ ಗೊತ್ತಿರುವ ಅವರ ಮೊದಲ ಉಪಕಾರ ಅದು.

೨೦೦೨ರಲ್ಲಿ ಅವರ ಕೆಲಸ ಕಾಯಂ ಆಗಿ, ಅರಣ್ಯ ವೀಕ್ಷಕರೆಂದು ಕೋಡಿಹಳ್ಳಿ ಸುತ್ತಿನ ಊರುಗಳಿಗೆ ಹೋದರು. ಅಲ್ಲಿ ದನಕರುಗಳ ಸಂಸಾರ ಹೆಚ್ಚು. ಗುಡ್ಡದ ಹಳೆಯ ಹುಲ್ಲನ್ನು ಸುಟ್ಟರೆ ಮೊದಲ ಮಳೆಗೆ ಎಳೆ ಹುಲ್ಲು ಚಿಗುರುತ್ತದೆ ಎಂಬುದು ಮೇಯಿಸುವವರ ಅನುಭವ, ಮತ್ತು ಅದು ಸುಳ್ಳೂ ಅಲ್ಲ. ಇಲಾಖೆಯವರು ಅಂಥವರನ್ನು ಹಿಡಿದು ಮೊಕದ್ದಮೆ ಹಾಕುತ್ತಿದ್ದರು; ಮುಂದಿನ ವರ್ಷ ಅವರು ಸಿಟ್ಟಿಗಾಗಿಯೇ ಮತ್ತೆ ಬೆಂಕಿ ಇಡುತ್ತಿದ್ದರು. ಚೆಲುವಯ್ಯನವರು ಅಲ್ಲಿದ್ದ ಹತ್ತು ವರ್ಷಗಳಲ್ಲಿ ಹಾಕಿದ ಮೊಕದ್ದಮೆಗಳು ಎರಡು. ಉಳಿದವರ ಹಟ್ಟಿಗೆ ಹೋಗಿ ಜಗಲಿಯ ಮೇಲೆ ಕುಳಿತು, ಎಲ್ಲಿ ಯಾವಾಗ ಎಷ್ಟು ಹುಲ್ಲು ಕೊಯ್ದುಕೊಳ್ಳಬಹುದೆಂದು ಮಾತಾಡಿ ಬರುತ್ತಿದ್ದರು. ಮೇಲಧಿಕಾರಿಗಳು ಇದನ್ನು ಸಡಿಲತನವೆಂದು ಬರೆದದ್ದೂ ಉಂಟು. ಆ ವರ್ಷಗಳಲ್ಲಿ ಅವರ ಸುತ್ತಿನಲ್ಲಿ ಸುಟ್ಟ ಗುಡ್ಡಗಳನ್ನು ಬೆರಳಲ್ಲಿ ಎಣಿಸಬಹುದಿತ್ತು ಎಂಬುದನ್ನು ಅವರಾರೂ ಬರೆಯಲಿಲ್ಲ.

೨೦೧೨ರಲ್ಲಿ ಗಸ್ತು ಪಾಲಕರಾಗಿ ಹಾರೋಹಳ್ಳಿ ಕಡೆಯ ನವಿಲುಬಂಡೆ ಗುಡ್ಡಕ್ಕೆ ಬಂದರು. ಇಲ್ಲಿ ಅವರು ಮಾಡಿದ ಕೆಲಸವನ್ನು ನಾನು ತರಬೇತಿ ಕೇಂದ್ರದ ಯಾವ ಪಾಠದಲ್ಲಿಯೂ ಓದಿಲ್ಲ. ಗುಡ್ಡಕ್ಕೂ ಊರಿಗೂ ನಡುವೆ ಹತ್ತು ಮೀಟರ್ ಅಗಲದ ಪಟ್ಟೆಯನ್ನು ಹುಲ್ಲಿಲ್ಲದಂತೆ ಬೋಳಿಸಿಡಬೇಕೆಂಬುದು ಇಲಾಖೆಯ ಹಳೆಯ ಕ್ರಮ; ಬೆಂಕಿ ರೇಖೆ ಎನ್ನುತ್ತೇವೆ. ಆಳುಗಳು ಸಿಗದೆ ಅದು ಅರ್ಧಂಬರ್ಧ ಆಗುತ್ತಿತ್ತು. ಚೆಲುವಯ್ಯನವರು ಸಂಕ್ರಾಂತಿಗೆ ಹದಿನೈದು ದಿನ ಇರುವಾಗ ಊರ ಯಜಮಾನರ ಮುಂದೆ ಹೋಗಿ ಕುಳಿತರು. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದು ನಮ್ಮ ಕಡೆಯ ಪದ್ಧತಿ. ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿದ ದನಗಳನ್ನು ಉರಿಯುವ ಹುಲ್ಲಿನ ಮೇಲೆ ಹಾರಿಸುತ್ತಾರೆ. "ಕಿಚ್ಚ ಊರಮುಂದೆ ಯಾಕೆ, ಗುಡ್ಡದ ಬುಡದಾಗೆ ಹಾಕವ ಬನ್ನಿ. ಪದ್ಧತೀನೂ ಆಯ್ತದೆ, ಪಟ್ಟೇನೂ ಆಯ್ತದೆ" ಎಂದರಂತೆ. ಯಜಮಾನರು ಮೊದಲು ನಕ್ಕರು, ಆಮೇಲೆ ಯೋಚಿಸಿದರು, ಕೊನೆಗೆ ಒಪ್ಪಿದರು. ಆ ಸಂಜೆ ಊರಿಗೆ ಊರೇ ಹಸಿಸೊಪ್ಪು ಹಿಡಿದು ಸಾಲಾಗಿ ನಿಂತಿತು. ಗಾಳಿ ನಿಂತ ಹೊತ್ತು ನೋಡಿ ಪಟ್ಟೆಯ ಹುಲ್ಲಿಗೆ ಬೆಂಕಿ ಇಟ್ಟು, ದನ ಹಾಯಿಸಿ, ಅಂಚಿಗೆ ಬಂದದ್ದನ್ನು ಬಡಿದು ಆರಿಸಿ ಮನೆಗೆ ಹೋದರು. ಮುಂದೆ ಐದು ವರ್ಷ ನವಿಲುಬಂಡೆಯಿಂದ ಒಂದು ಕಿಡಿಯೂ ಊರಿಗಿಳಿಯಲಿಲ್ಲ.

೨೦೧೭ರಲ್ಲಿ ಗುಡ್ಡದ ಬುಡಕ್ಕೆ ನವಿಲು ವಿಹಾರ ಎಂಬ ಬಡಾವಣೆ ಬಂತು. ಅರುವತ್ತೆರಡು ಮನೆ, ಸುತ್ತ ಎಂಟಡಿ ಗೋಡೆ, ಗುಡ್ಡದ ಕಡೆಗೆ ಒಂದೇ ಒಂದು ಗೇಟು. ನಗರದಿಂದ ಬಂದ ಸಂಸಾರಗಳಿಗೆ ಕಿಚ್ಚಿನ ಪದ್ಧತಿ ಹೊಸದು. ಬಂದ ಮೊದಲ ಸಂಕ್ರಾಂತಿಯಂದೇ ಹೊಗೆಯಿಂದ ತೊಂದರೆಯಾಯಿತೆಂದು ದೂರು ಕೊಟ್ಟರು. ಅವರನ್ನು ದೂರುವಂತೆಯೂ ಇರಲಿಲ್ಲ; ಮನೆಯಲ್ಲಿ ಉಬ್ಬಸದ ಮುದುಕರಿದ್ದರು. ಗೋಡೆಯ ಪಕ್ಕದ ನಾಲ್ಕುನೂರು ಮೀಟರಿನಲ್ಲಿ ಕಿಚ್ಚು ನಿಂತು, ಕುಡುಗೋಲಿನಲ್ಲಿ ಕೊಯ್ಯುವುದೆಂದು ತೀರ್ಮಾನವಾಯಿತು. ಕೊಯ್ಲು ಕೆಲವು ವರ್ಷ ಪೂರಾ ಆಗುತ್ತಿತ್ತು, ಕೆಲವು ವರ್ಷ ಇಲ್ಲ.

ಚೆಲುವಯ್ಯನವರು ಭಾನುವಾರಗಳಂದು ಬಡಾವಣೆಗೆ ಹೋಗತೊಡಗಿದರು. ನಿವಾಸಿಗಳ ಸಂಘದ ಕಾರ್ಯದರ್ಶಿ, ಶಾಲಾ ಶಿಕ್ಷಕಿ ಶ್ವೇತ ಅವರು ಮೊದಮೊದಲು ಅವರನ್ನು ಗೇಟಿನಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದರಂತೆ. ಅದನ್ನು ಶ್ವೇತ ಅವರೇ ಈಗ ನಾಚಿಕೆಯಿಂದ ಹೇಳಿಕೊಳ್ಳುತ್ತಾರೆ. ತರಗೆಲೆಗೆ ಬೆಂಕಿ ಹಾಕಬೇಡಿ, ಗೋಡೆಯಾಚೆ ಒಣ ಕಸ ಸುರಿಯಬೇಡಿ, ಚೆಂದಕ್ಕೆಂದು ಗೇಟಿನ ಇಕ್ಕೆಲದಲ್ಲಿ ನೆಟ್ಟಿರುವ ಹುಲ್ಲನ್ನು ಬೇಸಿಗೆಯಲ್ಲಿ ಬುಡಮಟ್ಟ ಕತ್ತರಿಸಿ, ಇವಿಷ್ಟನ್ನು ಜನ ಒಪ್ಪಿದರು. ಊರ ಕಡೆಯ ಗೋಡೆಗೆ ಇನ್ನೊಂದು ಗೇಟು ಇಡಿ ಎಂಬ ಮಾತನ್ನು ಒಪ್ಪಲಿಲ್ಲ. ಎರಡು ಗೇಟಾದರೆ ಕಳ್ಳರು ಬರುತ್ತಾರೆಂದು ಅವರ ಅಂಜಿಕೆ. "ಕಳ್ಳ ಬಂದ್ರೆ ಸಾಮಾನು ಹೋಯ್ತದೆ ಕಣಮ್ಮ. ಬೆಂಕಿ ಗೇಟ್ ತಾವ ನಿಂತ್ರೆ ನೀವು ಎಲ್ಲೂ ಹೋಗಕ್ಕಾಗಕಿಲ್ಲ" ಎಂದು ಹೇಳಿ ಬಂದರು. ಆರು ವರ್ಷ ಅದನ್ನೇ ಹೇಳಿದರು.

ಇಷ್ಟರಲ್ಲಿ ಇಲಾಖೆಗೆ ಹೊಸ ಕಣ್ಣು ಬಂತು. ಆಕಾಶದಲ್ಲಿ ಸುತ್ತುವ ಉಪಗ್ರಹಗಳು ನೆಲದ ಮೇಲೆ ಅತಿ ಬಿಸಿಯಾದ ಜಾಗವನ್ನು ಗುರುತಿಸಿದರೆ, ಸ್ವಲ್ಪ ಹೊತ್ತಿನಲ್ಲಿ ಕಚೇರಿಗೆ ಸಂದೇಶ ಬರುತ್ತದೆ. ಸಂದೇಶ ನೋಡಿ, ಆ ಸುತ್ತಿನ ಪಾಲಕರಿಗೆ ಫೋನು ಮಾಡಿ, ಅವರು ಹೋಗಿ ಕಂಡದ್ದನ್ನು ರಿಜಿಸ್ಟರಿನ ಷರಾ ಅಂಕಣದಲ್ಲಿ ಬರೆಯುವ ಕೆಲಸಕ್ಕೆ ೨೦೨೧ರಲ್ಲಿ ಮಹ್ವಿಶ್ ಎಂಬ ಹುಡುಗಿ ಗುತ್ತಿಗೆಯ ಮೇಲೆ ಸೇರಿದಳು. ರಾಮನಗರದ ರೇಷ್ಮೆ ನೂಲು ತೆಗೆಯುವ ಮನೆತನದವಳು, ಇಪ್ಪತ್ತಮೂರು ವರ್ಷ, ಕೆಲಸದಲ್ಲಿ ಚುರುಕು. ತಂದೆ ಇದ್ರೀಸ್ ಅವರಿಗೆ ಬೆನ್ನುನೋವು ಬಂದು ನೂಲಿನ ಕೆಲಸ ನಿಂತಿದ್ದರಿಂದ ಮನೆ ನಡೆಯುತ್ತಿದ್ದುದು ಅವಳಿಂದಲೇ. ಚೆಲುವಯ್ಯನವರು ಅವಳನ್ನು ಒಂದು ದಿನ ಬಂಡೆಯ ಮೇಲೆ ಕರೆದೊಯ್ದು, ಸಂದೇಶದಲ್ಲಿನ ಚುಕ್ಕಿ ನೆಲದ ಮೇಲೆ ಎಷ್ಟು ದೊಡ್ಡದೆಂದು ತೋರಿಸಿದರು. ಚುಕ್ಕಿ ಇಲ್ಲಿದೆ ಎಂದರೆ ಬೆಂಕಿ ಅಲ್ಲಿಂದ ಮುನ್ನೂರು ನಾಲ್ಕುನೂರು ಮೀಟರ್ ಆಚೀಚೆ ಎಲ್ಲಿಯಾದರೂ ಇರಬಹುದು. ಅವಳು ಅದನ್ನು ಬರೆದಿಟ್ಟುಕೊಂಡಳು.

ಗುಡ್ಡದ ಆಚೆ ಬದಿಯಲ್ಲಿ ಒಂದು ಗೋದಾಮಿದೆ. ಎಕರೆಯಷ್ಟು ಅಗಲದ ತಗಡಿನ ಚಾವಣಿ. ಮಾರ್ಚಿಯ ಬಿಸಿಲಿಗೆ ಅದು ಕಾದಾಗಲೆಲ್ಲ ಉಪಗ್ರಹ ಅದನ್ನು ಬೆಂಕಿಯೆಂದೇ ತಿಳಿಯುತ್ತಿತ್ತು. ಮಧ್ಯಾಹ್ನದ ಸಂದೇಶ ಬಂದಕೂಡಲೇ ಚೆಲುವಯ್ಯನವರು ಬೈಕು ಏರಿ ಹೋಗುವರು, ತಗಡು ನೋಡಿ ಬರುವರು. ಒಂದು ಬೇಸಿಗೆಯಲ್ಲಿ ಇಪ್ಪತ್ತಾರು ಸಲ ಹೋದರು. ತೋಳ ಬಂತು ತೋಳ ಎಂಬ ಕೂಗಿಗೆ ಎಷ್ಟು ಸಲ ಓಡಲಾದೀತು? ಇಪ್ಪತ್ತೇಳನೆಯ ಸಲ, ಇನ್ನೊಂದು ಕಡೆ ನಿಜವಾದ ಬೆಂಕಿಗೆ ಸೊಪ್ಪು ಬಡಿಯುತ್ತ ನಿಂತಿದ್ದವರು, ಫೋನಿನಲ್ಲಿ ಹೇಳಿದರು: "ಮಗಾ, ಆ ಜಾಗದ್ದು ಬಂದ್ರೆ ತಗಡು ಅಂತ ಬರ್ಕೊಂಡು ಬುಟ್ಬುಡು. ಅಲ್ಲಿ ಬೇರೆ ಏನೂ ಇಲ್ಲ." ಅಂದಿನಿಂದ ರಿಜಿಸ್ಟರಿನ ಷರಾ ಅಂಕಣದಲ್ಲಿ ಆ ಜಾಗದ ಎದುರಿಗೆ ಒಂದೇ ಪದ ಬೀಳತೊಡಗಿತು: ತಗಡು.

೨೦೨೩ರ ಮಾರ್ಚಿ ಒಂಬತ್ತರಂದು ಮಧ್ಯಾಹ್ನ ಎರಡೂಕಾಲಿಗೆ ಅದೇ ಜಾಗದ ಸಂದೇಶ ಬಂತು. ಮಹ್ವಿಶ್ 'ತಗಡು' ಎಂದು ಬರೆದಳು. ಅಂದು ಕಾದಿದ್ದದ್ದು ತಗಡಲ್ಲ. ಗೋದಾಮಿನಿಂದ ಮುನ್ನೂರು ಮೀಟರ್ ಈಚೆ ಖಾಲಿ ನಿವೇಶನವೊಂದರ ಕಸಕ್ಕೆ ಯಾರೋ ಕಡ್ಡಿ ಗೀರಿದ್ದರು. ಕಿಡಿ ಬಾದೆಹುಲ್ಲಿಗೆ ಹಾರಿ, ಮಧ್ಯಾಹ್ನದ ಗಾಳಿಗೆ ಗುಡ್ಡದ ಮಗ್ಗುಲಲ್ಲೇ ಬಡಾವಣೆಯ ಕಡೆ ಹರಿಯಿತು. ಆ ವರ್ಷ ಗೋಡೆಯ ಬಳಿಯ ಪಟ್ಟೆಯ ಕೊಯ್ಲು ಅರ್ಧಕ್ಕೇ ನಿಂತಿತ್ತು. ಕಾವಲು ಶಿಬಿರ ಅಲ್ಲಿಂದ ಒಂದೇ ಕಿಲೋಮೀಟರ್. ಎರಡೂಕಾಲಿಗೆ ಫೋನು ಹೋಗಿದ್ದರೆ ಇಬ್ಬರು ಕಾವಲುಗಾರರು ಸೊಪ್ಪಿನಲ್ಲಿ ಬಡಿದು ಮುಗಿಸುವಷ್ಟೇ ಬೆಂಕಿ ಅದಾಗಿತ್ತು.

ಚೆಲುವಯ್ಯನವರಿಗೆ ಸುದ್ದಿ ತಲುಪಿದ್ದು ಮೂರು ಗಂಟೆಗೆ, ಗೋಡೆಯ ಬದಿಯಲ್ಲಿ ಮೇಕೆ ಕಟ್ಟಿಕೊಂಡಿದ್ದ ಮಾರಮ್ಮನ ಫೋನಿನಿಂದ. "ಅಣ್ಣೋ, ಹಳದಿ ಹೊಗೆ ಕಣಣ್ಣೋ, ಗೇಟ್ ತಾವ್ಕೆ ಬಂದ್ಬುಡ್ತು!" ಎಂದಳು. ಅವರು ಬಂದು ಮುಟ್ಟುವ ಹೊತ್ತಿಗೆ ಗೇಟಿನ ಇಕ್ಕೆಲದ ಅಲಂಕಾರದ ಹುಲ್ಲು ಉರಿಯುತ್ತಿತ್ತು, ಒಳಗಿನಿಂದ ಕಾರುಗಳು ಗೇಟಿನವರೆಗೆ ಬಂದು ಒಂದರ ಹಿಂದೊಂದು ಸಿಕ್ಕಿಕೊಂಡಿದ್ದವು. ಪಕ್ಕದ ರಸ್ತೆಯಲ್ಲಿ ಚರಂಡಿ ತೋಡುತ್ತಿದ್ದ ಜೆಸಿಬಿಯನ್ನು ಕಂಡು ಅದರ ಮೆಟ್ಟಿಲು ಹತ್ತಿ, ಊರ ಕಡೆಯ ಗೋಡೆ ಒಡೆಯಲು ಡ್ರೈವರನಿಗೆ ಹೇಳಿದರು. ಆತ ಹಿಂಜರಿದ. "ಒಡಿಯಪ್ಪ ನೀನು, ಯಾರಾದ್ರೂ ಕೇಳುದ್ರೆ ಚೆಲುವಯ್ಯ ಅಂತ ಹೇಳು" ಎಂದರು. ಗೋಡೆಯಾಚೆ ಶ್ವೇತ ಅವರು ಮುದುಕರನ್ನೂ ಮಕ್ಕಳನ್ನೂ ಒಟ್ಟುಗೂಡಿಸಿ ನಿಂತಿದ್ದರು. ಒಡೆದ ಜಾಗದಿಂದ ಅರುವತ್ತೆರಡು ಮನೆಯ ಜನರೂ ರಾಗಿ ಕೊಯ್ದ ಹೊಲಕ್ಕೆ ಇಳಿದರು. ಅಗ್ನಿಶಾಮಕದವರು ಬಂದು ಬೆಂಕಿ ಆರಿಸಿದಾಗ ಎರಡು ಮನೆಗಳ ಮುಂಭಾಗ, ಮೂರು ಕಾರುಗಳು ಸುಟ್ಟಿದ್ದವು. ಮನುಷ್ಯರಿಗೆ ಏನೂ ಆಗಿರಲಿಲ್ಲ. ಮಾರಮ್ಮನ ಏಳು ಮೇಕೆಗಳು ಕಟ್ಟಿದ ಹಗ್ಗದಲ್ಲೇ ಸತ್ತಿದ್ದವು. ಅವಳು ಹಗ್ಗ ಬಿಚ್ಚುವ ಹೊತ್ತಿನಲ್ಲಿ ಫೋನು ಮಾಡುತ್ತಿದ್ದಳು. ಆ ಸಂಜೆ ನಾನು ಅಲ್ಲಿಗೆ ಹೋದಾಗ ಚೆಲುವಯ್ಯನವರು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅಳುತ್ತಿದ್ದರು.

ಪಕ್ಕದ ವಲಯದಲ್ಲಿದ್ದ ನನ್ನನ್ನು ವಿಚಾರಣಾಧಿಕಾರಿಯಾಗಿ ನೇಮಿಸಿದರು. ಸಂದೇಶ ಬಂದದ್ದೂ ನಿಜ, ಹೋಗಿ ನೋಡದೆ ಷರಾ ಬರೆದು ಮುಗಿಸಿದ್ದೂ ನಿಜ. ಯಾರು ಹೊಣೆ ಎಂಬುದಷ್ಟೇ ಪ್ರಶ್ನೆ. ಮಹ್ವಿಶಳ ಗುತ್ತಿಗೆಯನ್ನು ರದ್ದು ಮಾಡಬೇಕೆಂದು ಮೇಲಿನಿಂದ ಮಾತು ಬಂದೂ ಆಗಿತ್ತು. ಅವಳು ನನ್ನ ಮುಂದೆ ನಿಂತು, "ನಾನೇ ನೋಡ್ದೆ, ನಾನೇ ಬರ್ದೆ ಸರ್. ಹಂಗೆ ಬರಿ ಅಂತ ಯಾರೂ ಹೇಳಿಲ್ಲ" ಎಂದು ಹೇಳಿಕೆ ಕೊಟ್ಟಳು. ಚೆಲುವಯ್ಯನವರ ಹೆಸರು ಉಪ ವಲಯ ಅರಣ್ಯಾಧಿಕಾರಿಯ ಬಡ್ತಿ ಪಟ್ಟಿಯಲ್ಲಿದೆ, ಇನ್ನು ಎರಡು ತಿಂಗಳಲ್ಲಿ ಆದೇಶ ಬರುತ್ತದೆ ಎಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವಳು ಅದಕ್ಕಾಗಿ ಸುಳ್ಳು ಹೇಳಿದಳು.

ಮರುದಿನ ಚೆಲುವಯ್ಯನವರು, ನಾನು ಕರೆಯದಿದ್ದರೂ, ಇಸ್ತ್ರಿ ಮಾಡಿದ ಖಾಕಿಯಲ್ಲಿ ಬಂದು ನಿಂತರು. "ಸಾ, ಆ ಹುಡ್ಗಿ ಸುಳ್ಳೇಳೈತೆ. ತಗಡು ಅಂತ ಬರಿ ಅಂದಿದ್ದು ನಾನು. ಬರ್ಕೊಳಿ."

ನಾನು ಬಾಗಿಲು ಹಾಕಿದೆ. "ಚೆಲುವಯ್ಯ, ಅದು ಬಾಯಲ್ಲಿ ಆಡಿದ ಮಾತು, ಕಾಗದದ ಮೇಲೆ ಇಲ್ಲ. ಇನ್ನು ಎರಡೇ ತಿಂಗಳು. ಸ್ವಲ್ಪ ಯೋಚನೆ ಮಾಡಿ" ಎಂದೆ.

"ಕಾಗ್ದದ ಮ್ಯಾಲೆ ಇಲ್ದಿದ್ರೆ ಆಡಿಲ್ಲ ಅಂತ ಆಯ್ತದಾ ಸಾ? ಚುಕ್ಕಿ ಆಚೀಚೆ ಆಯ್ತದೆ ಅಂತ ಆ ಮಗೀಗೆ ಹೇಳ್ಕೊಟ್ಟೋನೂ ನಾನೇ, ಬುಟ್ಬುಡು ಅಂದೋನೂ ನಾನೇ. ನನ್ ಮಾತ ನಂಬಿ ಬರೀತು. ಅದ್ರ ಕೆಲ್ಸ ಹೋದ್ರೆ, ಇನ್ಮ್ಯಾಕೆ ನಮ್ಮಂತೋರ ಮಾತ ಯಾರು ನಂಬ್ತಾರೆ?" ಎಂದು, ಮೇಜಿನ ಮೇಲಿದ್ದ ರಿಜಿಸ್ಟರನ್ನು ತೆಗೆದು, ಆ ಷರಾ ಮೊದಲು ಬಿದ್ದ ದಿನವನ್ನು ತೋರಿಸಲೆಂದು ಹಿಂದಿನ ವರ್ಷದ ಪುಟಗಳನ್ನು ತಿರುಗಿಸಿದರು. ಒಂದು ಪುಟದ ಮೇಲೆ ಅವರ ಬೆರಳು ಒಂದು ಗಳಿಗೆ ನಿಂತಿತು. ಆಮೇಲೆ ಪುಟ ಮಗುಚಿದರು. ನಾನು ಅವರ ಹೇಳಿಕೆಯನ್ನು ಬರೆದುಕೊಂಡೆ. ವರದಿಯಲ್ಲಿ ಆ ಬಗ್ಗೆ ಮೂರು ಸಾಲುಗಳಿದ್ದವು, ಮೂರೂ ಸತ್ಯವಾಗಿದ್ದವು. ಮಹ್ವಿಶಳ ಕೆಲಸ ಉಳಿಯಿತು. ಚೆಲುವಯ್ಯನವರಿಗೆ ವಾಗ್ದಂಡನೆಯಾಗಿ, ಪಟ್ಟಿಯಿಂದ ಅವರ ಹೆಸರನ್ನು ಕೈಬಿಡಲಾಯಿತು.

ಅವರ ಪತ್ನಿ ಅಂಬುಜಮ್ಮನವರಿಗೆ ಆ ಬಡ್ತಿಯ ಮೇಲೆ ಬಹಳ ಆಸೆಯಿತ್ತು. ಹದಿನಾಲ್ಕು ವರ್ಷ ಗಂಡನನ್ನು ನಾಲ್ಕು ತಿಂಗಳ ಕೂಲಿಯೆಂದು ಜನ ಆಡಿಕೊಂಡದ್ದನ್ನು ಕೇಳಿಸಿಕೊಂಡ ಹೆಂಗಸು. ಹೆಗಲ ಮೇಲೆ ನಕ್ಷತ್ರ ಬಂದ ದಿನ ತವರಿನವರನ್ನೆಲ್ಲ ಕರೆದು ಊಟ ಹಾಕಬೇಕೆಂದಿದ್ದರಂತೆ. ಚೆಲುವಯ್ಯನವರು ಮಾತ್ರ ಮುಂದಿನ ಎರಡು ವರ್ಷ ಹಿಂದಿನಂತೆಯೇ ಕೆಲಸ ಮಾಡಿದರು. ಹಿಂದಿಗಿಂತ ಹೆಚ್ಚೆಂದರೂ ಸಲ್ಲುತ್ತದೆ. ಒಡೆದ ಗೋಡೆಯ ಜಾಗದಲ್ಲಿ ಶ್ವೇತ ಅವರು ಎರಡನೆಯ ಗೇಟು ಇಡಿಸಿದರು. ಬಡಾವಣೆಯವರು ಕೂಡಿ ಮಾರಮ್ಮನಿಗೆ ಮೇಕೆಗಳನ್ನು ಕೊಡಿಸಿದರು. ಮರುವರ್ಷದ ಸಂಕ್ರಾಂತಿಗೆ ಉಬ್ಬಸದ ಮುದುಕರನ್ನು ಆ ಸಂಜೆಯ ಮಟ್ಟಿಗೆ ಊರೊಳಗಿನ ಮನೆಗಳಲ್ಲಿ ಕೂರಿಸಿ, ಉಳಿದವರು ಹಸಿಸೊಪ್ಪು ಹಿಡಿದು ಪಟ್ಟೆಯ ಮೇಲೆ ಸಾಲು ನಿಂತರು. ಸೊಪ್ಪನ್ನು ಪೊರಕೆಯಂತೆ ಹಿಡಿದ ಬ್ಯಾಂಕಿನ ಮ್ಯಾನೇಜರೊಬ್ಬರಿಗೆ ಮಾರಮ್ಮ, "ಗುಡಿಸ್ಬ್ಯಾಡಿ ಸ್ವಾಮಿ, ಬಡೀರಿ" ಎಂದು ಹೇಳಿಕೊಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ಯಾವ ಸಂದೇಶಕ್ಕೂ, ಅದು ತಗಡಿನದೇ ಆದರೂ, ಹೋಗಿ ನೋಡದೆ ಷರಾ ಬರೆಯುವಂತಿಲ್ಲ ಎಂಬ ನಿಯಮ ಬಂತು. ೨೦೨೫ರ ಜೂನ್ ಮೂವತ್ತರಂದು ಅವರು ಗಸ್ತು ಪಾಲಕರಾಗಿಯೇ ನಿವೃತ್ತರಾದರು. ಬೀಳ್ಕೊಡುಗೆಯ ಆಹ್ವಾನ ಪತ್ರಿಕೆಯಲ್ಲಿ ಬಡಾವಣೆಯವರು ಪ್ರೀತಿಯಿಂದ 'ಉಪ ವಲಯ ಅರಣ್ಯಾಧಿಕಾರಿ' ಎಂದು ಅಚ್ಚು ಹಾಕಿಸಿಬಿಟ್ಟಿದ್ದರು. ಚೆಲುವಯ್ಯನವರು ಮುನ್ನೂರು ಪತ್ರಿಕೆಗಳನ್ನೂ ತರಿಸಿಕೊಂಡು, ಒಂದೊಂದರಲ್ಲೂ ಅದನ್ನು ಪೆನ್ನಿನಲ್ಲಿ ಹೊಡೆದು ತಿದ್ದಿದರು.

ಈ ಲೇಖನಕ್ಕಾಗಿ ಕಳೆದ ತಿಂಗಳು ಗುಡೇಮಾರನಹಳ್ಳಿಯ ಅವರ ಮನೆಗೆ ಹೋಗಿದ್ದೆ. ವಿಚಾರಣೆಯ ಸಂಗತಿಯನ್ನು ಬರೆಯಬಹುದೇ, ಬಿಡಲೇ ಎಂದು ಕೇಳುವುದಿತ್ತು. ಅಂಬುಜಮ್ಮನವರು ಅವರೆಕಾಯಿ ಸುಲಿಯುತ್ತ, ತಲೆಯೆತ್ತದೆ ಹೇಳಿದರು: "ಬರೀರಿ ಸಾ. ಅವತ್ತೂ ನೀವೇ ಬರುದ್ರಿ. ಅದ್ನೂ ಚೆಂದಾಗೇ ಬರ್ದಿದ್ರಿ."

ಮೂರು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದದ್ದನ್ನು ಅಂದು ಅವರಿಬ್ಬರ ಮುಂದೆ ಹೇಳಿದೆ. ಬೆಂಕಿಗೆ ಹಿಂದಿನ ವರ್ಷ, ೨೦೨೨ರ ಏಪ್ರಿಲ್‌ನಿಂದ ಆರು ವಾರ ಆ ವಲಯದ ಪ್ರಭಾರ ನನ್ನ ಕೈಯಲ್ಲಿತ್ತು. ಆಗ ಆ ರಿಜಿಸ್ಟರನ್ನು ತಪಾಸಣೆ ಮಾಡಿದ್ದೆ. ಷರಾ ಅಂಕಣದಲ್ಲಿ ಹತ್ತೊಂಬತ್ತು ಕಡೆ 'ತಗಡು' ಎಂದಿದ್ದದ್ದನ್ನು ನೋಡಿ ನಕ್ಕಿದ್ದೆ. ಹೋಗಿ ನೋಡಿದಿರಾ ಎಂದು ಕೇಳಬೇಕಾದ ಅಧಿಕಾರಿ ನಾನು. ಕೇಳದೆ, ಪುಟದ ಕೆಳಗೆ ಹಸಿರು ಶಾಯಿಯಲ್ಲಿ 'ಪರಿಶೀಲಿಸಿದೆ' ಎಂದು ಬರೆದು ಸಹಿ ಹಾಕಿದ್ದೆ. ವಿಚಾರಣೆಯ ವರದಿಗೆ ೨೦೨೩ರ ಪುಟದ ಪ್ರತಿಯನ್ನು ಲಗತ್ತಿಸಿದೆ, ೨೦೨೨ರ ಆ ಪುಟವನ್ನು ಲಗತ್ತಿಸಲಿಲ್ಲ. ಹೊಣೆ ಹೊರಬೇಕಾಗಿದ್ದ ಇಬ್ಬರಲ್ಲಿ ಒಬ್ಬರು ತಾವಾಗಿ ಬಂದು ನಿಂತರು. ಇನ್ನೊಬ್ಬನು ಮೇಜಿನ ಈಚೆ ಕುಳಿತು ಅವರ ಹೇಳಿಕೆ ಬರೆದುಕೊಂಡನು.

"ಗೊತ್ತು ಸಾ" ಎಂದರು ಚೆಲುವಯ್ಯನವರು. "ಹಸುರು ಇಂಕು. ಅವತ್ತೇ ನೋಡ್ದೆ."

"ಮತ್ಯಾಕೆ ಹೇಳಲಿಲ್ಲ?"

"ನಂದ ನಾನು ಹೇಳ್ಬೋದು ಸಾ. ನಿಮ್ದ ನಾನು ಹೇಳಕ್ಕಾಯ್ತದಾ? ಅದ ನೀವೇ ಹೇಳ್ಬೇಕು."

ಅಂಬುಜಮ್ಮನವರ ಕೈ ನಿಂತಿತ್ತು. ಗಂಡನ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ಮೂರು ವರ್ಷದಲ್ಲಿ ಅವರು ಹೆಂಡತಿಗೂ ಇದನ್ನು ಹೇಳಿರಲಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು. ಅಂಬುಜಮ್ಮನವರು ಎದ್ದು ಮೊರವನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ.

ಚೆಲುವಯ್ಯನವರ ಉಪಕಾರಗಳನ್ನು ಈ ಗ್ರಂಥದಲ್ಲಿ ಹಲವರು ನೆನೆದಿದ್ದಾರೆ. ನನಗೆ ಅವರು ಮಾಡಿದ್ದು ಈ ಉಪಕಾರ: ನನ್ನ ಮಾತನ್ನು ನಾನೇ ಆಡಲೆಂದು ಕಾದರು. ಇಗೋ, ಆಡಿದ್ದೇನೆ. ಆ ವಿಚಾರಣಾ ಕಡತಕ್ಕೆ ಸೇರಿಸಬೇಕೆಂದು ಕೋರಿ, ಬಿಟ್ಟುಹೋದ ಪುಟದ ದಿನಾಂಕವನ್ನು ನಮೂದಿಸಿ, ಇಲಾಖೆಗೆ ಪತ್ರ ಬರೆದು ಸ್ವೀಕೃತಿ ಪಡೆದಿದ್ದೇನೆ. ಇದರಿಂದ ಅವರಿಗೆ ಕಳೆದುಹೋದ ಬಡ್ತಿ ಬಾರದು, ಅದು ನನಗೆ ಗೊತ್ತಿದೆ. ಅವರ ವಾಗ್ದಂಡನೆ ಇರುವ ಕಡತದಲ್ಲಿ ಇನ್ನು ಮುಂದೆ ನನ್ನ ತಪ್ಪೂ ಇರುತ್ತದೆ, ಅಷ್ಟೆ.

ಚೆಲುವಯ್ಯನವರು ಈಗಲೂ ಬೇಸಿಗೆಯಲ್ಲಿ ಎರಡು ಬಸ್ಸು ಬದಲಿಸಿ ನವಿಲುಬಂಡೆಗೆ ಬರುತ್ತಾರೆ. ಹೊಸ ಕಾವಲುಗಾರರಿಗೆ ಹೊಗೆ ನೋಡುವುದನ್ನು ಕಲಿಸುತ್ತಾರೆ. ಇನ್ನೂ ಕಟ್ಟುತ್ತಿರುವ ಬಡಾವಣೆಗಳ ಗೋಡೆ ಸುತ್ತಿ, ಎರಡನೆಯ ಗೇಟು ಎಲ್ಲಿ ಎಂದು ಕೇಳುತ್ತಾರೆ. ಅವರ ಕಾಲಿಗೆ ಕಸುವು, ಕಣ್ಣಿಗೆ ಬೆಳಕು ಇನ್ನೂ ಬಹುಕಾಲ ಇರಲಿ. ಅವರ ಮಾತು ಕೇಳುವ ಜನ ಹೆಚ್ಚಲಿ. ಅವರು ನೂರು ವರ್ಷ ತುಂಬು ಬಾಳು ಬಾಳಲಿ. ಅಂಬುಜಮ್ಮನವರ ಕೋಪ ಆರುವವರೆಗಾದರೂ ನನಗೂ ಆಯುಸ್ಸಿರಲಿ.